ಗಾಲಾ ರಾತ್ರಿಯ ಗಂಡಸರು

ಕ್ವೀನ್ ಮೇರಿ 2 ಹಡಗು ಸೌತಾಂಪ್ಟನ್‌ನಿಂದ ನ್ಯೂಯಾರ್ಕ್ ಮುಟ್ಟಲು ಸಾಮಾನ್ಯವಾಗಿ ಏಳು ರಾತ್ರಿ ಬೇಕು. ಗಂಡಸರಿಗೆ ಅಟ್ಲಾಂಟಿಕ್ ಅಲೆಗಳಿಗಿಂತ ಹೆಚ್ಚು ಹೊಟ್ಟೆ ತೊಳಸುವುದು ಅದರ ಗಾಲಾ ರಾತ್ರಿಗಳು. ಟಕ್ಸಿಡೊ ಇಲ್ಲವೇ ಕಡುಬಣ್ಣದ ಸೂಟು ಬೇಕು, ಜೊತೆಗೆ ಟೈ. ಮದುವೆಗೆ ಹೊಲಿಸಿದ ಸೂಟಿದೆಯಲ್ಲ ಎಂದು ತೆಗೆದರೆ, ಕೋಟೇನೋ ಹೇಗೋ ಭುಜಕ್ಕೆ ಕೂರುತ್ತದೆ. ಪ್ಯಾಂಟಿನ ಗುಂಡಿ ಮಾತ್ರ ಕಾಜಾದ ಮುಖ ನೋಡಲೊಲ್ಲದು. ಬೋ ಟೈ ಕಟ್ಟಲು ಬಾರದವರು ರೆಡಿಮೇಡ್ ತಂದು ಕತ್ತಿನ ಹಿಂದೆ ಕೊಂಡಿ ಸಿಕ್ಕಿಸಿದರಾಯಿತು. ಯಾರೂ ಎಳೆದು ಪರೀಕ್ಷಿಸುವುದಿಲ್ಲ.

ಅಲ್ಲಿ ಅವರವರ ದೇಶದ ಸಾಂಪ್ರದಾಯಿಕ ಉಡುಪೂ ನಡೆಯುತ್ತದೆ. ಸ್ಕಾಟ್ಲೆಂಡಿನವರು ಕಿಲ್ಟ್ ಉಟ್ಟು ಬರಬಹುದಾದರೆ ನಮ್ಮವರ ಕಚ್ಚೆಪಂಚೆ, ಶಲ್ಯ, ಮೈಸೂರು ಪೇಟ ಯಾಕಾಗಬಾರದು? ಊಟದ ಹಾಲಿಗೆ ಭೇಷ್. ಡೆಕ್ಕಿಗೆ ಮಾತ್ರ ಬೇಡಿ ಸ್ವಾಮಿ. ಆ ಗಾಳಿಗೆ ಶಲ್ಯವೂ ಒಂದೇ, ಪೇಟವೂ ಒಂದೇ. ನನ್ನ ಓಟು ಬಂದ್‌ಗಲಾ ಕೋಟಿಗೆ. ಟೈ ಕೇಳುವುದಿಲ್ಲ, ಹೊಟ್ಟೆಯ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ.

ಇದ್ಯಾವುದೂ ಒಗ್ಗದಿದ್ದರೆ ಅದೇ ಹಡಗಿನಲ್ಲಿ ಬಫೆ ಇದೆ. ಅಲ್ಲಿ ಟೈ ಎಲ್ಲಿ ಎಂದು ಕೇಳುವವರಿಲ್ಲ, ಎಷ್ಟನೇ ಸಲ ಬಡಿಸಿಕೊಂಡಿರಿ ಎಂದು ಎಣಿಸುವವರೂ ಇಲ್ಲ, ಹೆಂಡತಿಯೊಬ್ಬಳನ್ನು ಬಿಟ್ಟು.