ತೊಂಬತ್ತೇಳೂವರೆ ಮೀಟರಿನ ಲೆಕ್ಕ

ಹಾಫ್ ಮ್ಯಾರಥಾನ್ ಎಂದರೆ 21 ಕಿಲೋಮೀಟರ್ ಎಂದು ಹೇಳಿ ಮನೆಯಲ್ಲಿ ಒಪ್ಪಿಗೆ ಗಿಟ್ಟಿಸಿಕೊಂಡಿದ್ದೆ. ಅದು 21.0975 ಎಂದು ಹೆಂಡತಿಗೆ ಗೊತ್ತಾದದ್ದು ದುಡ್ಡು ಕಟ್ಟಿಯಾದ ಮೇಲೆ. ಅವಳು ಬ್ಯಾಂಕಿನವಳು. ಸಂಜೆ ಹತ್ತು ರೂಪಾಯಿ ತಾಳೆಯಾಗದಿದ್ದರೆ ಎಂಟು ಗಂಟೆಯಾದರೂ ಕುರ್ಚಿ ಬಿಟ್ಟು ಏಳುವುದಿಲ್ಲ.

"ಇದೇನ್ರೀ ಈ ತೊಂಬತ್ತೇಳೂವರೆ ಮೀಟರು? ಯಾರ ಖಾತೆಗೆ?"

ಬ್ರಿಟನ್ನಿನ ಅರಮನೆಯವರ ಖಾತೆಗೆ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಟ ವಿಂಡ್ಸರ್ ಅರಮನೆಯ ಆವರಣದಿಂದ ಹೊರಟು, ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂತಿದ್ದ ಜಾಗದ ಎದುರಿಗೇ ಮುಗಿಯಿತು. ಅಳೆದಾಗ 42.195 ಕಿಲೋಮೀಟರ್ ಬಂತು. 1921ರಲ್ಲಿ ಅದೇ ಖಾಯಂ ಅಳತೆಯಾಯಿತು. ಅದರ ಅರ್ಧ ನನ್ನ ಪಾಲಿಗೆ ಬಂದಿದೆ ಎಂದು ವಿವರಿಸಿದೆ.

"ಅಂದ್ರೆ ಅವರು ಕೂತಲ್ಲಿಂದ ಎದ್ದು ನಾಲ್ಕು ಹೆಜ್ಜೆ ಈಚೆಗೆ ಬಂದಿದ್ರೆ ನಿಮಗೆ ಕಮ್ಮಿ ಆಗ್ತಿತ್ತು. ರಿಮೋಟ್ ತೊಗೊಳ್ಳೋಕೂ ಸೋಫಾದಿಂದ ಏಳದೋರು ನೀವು. ಯಾರೋ ಏಳಲಿಲ್ಲ ಅಂತ ಈಗ ಓಡ್ತೀರಾ?"

ಅಮ್ಮನ ಕಡೆಯಿಂದಾದರೂ ಬೆಂಬಲ ಸಿಕ್ಕೀತು ಎಂದು ಫೌಜಾ ಸಿಂಗ್ ಕಥೆ ಹೇಳಿದೆ. 2011ರಲ್ಲಿ, ನೂರನೇ ವಯಸ್ಸಿನಲ್ಲಿ, ಟೊರಾಂಟೊದಲ್ಲಿ ಪೂರ್ತಿ ಮ್ಯಾರಥಾನ್ ಮುಗಿಸಿದ ಪಂಜಾಬಿನ ಅಜ್ಜ. ಜನನ ಪ್ರಮಾಣಪತ್ರ ಇಲ್ಲವೆಂದು ಗಿನ್ನೆಸ್‌ನವರು ಆ ದಾಖಲೆಯನ್ನು ಒಪ್ಪಲಿಲ್ಲ ಎಂದದ್ದೇ ಅಮ್ಮನಿಗೆ ಸಿಟ್ಟು ಬಂತು. ಅವಳ ಹುಟ್ಟಿದ ತಾರೀಖೂ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬಾಯಿಗೆ ಬಂದದ್ದು ಬರೆದುಕೊಂಡದ್ದೇ. ಗಿನ್ನೆಸ್‌ನವರನ್ನು ಚೆನ್ನಾಗಿ ಬೈದು ಮುಗಿಸಿದ ಮೇಲೆ ನನ್ನ ಕಡೆ ತಿರುಗಿದಳು: "ನೂರಕ್ಕೆ ಓಡಬಹುದು ಅಂದ್ರೆ ನಿನಗಿನ್ನೂ ಐವತ್ತು ವರ್ಷ ಟೈಮಿದೆ ಕಣೋ. ಈಗೇನವಸರ? ಹೋಗು, ಗ್ಯಾಸ್ ಬುಕ್ ಮಾಡು."

ಅಭ್ಯಾಸದ ವೇಳಾಪಟ್ಟಿಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದೆ. ವಾರದ ನಡುವೆ ಸಣ್ಣ ಓಟಗಳು, ಭಾನುವಾರ ಲಾಂಗ್ ರನ್, ಸೋಮವಾರ ವಿಶ್ರಾಂತಿ, ಕೊನೆಯ ಎರಡು ವಾರ ಓಟ ಇಳಿಸುತ್ತ ಬರುವುದು. ಮಾರನೆಯ ದಿನ ನೋಡಿದರೆ ಪ್ರತಿ ಸಾಲಿನ ಎದುರಿಗೂ ಪೆನ್ಸಿಲ್ಲಿನ ಬರಹ. ಮಂಗಳವಾರ 5 ಕಿ.ಮೀ.: ಹಾಲು, ಮೊಸರು. ಗುರುವಾರ 6 ಕಿ.ಮೀ.: ಅತ್ತೆಯ ಬಿ.ಪಿ. ಮಾತ್ರೆ. ಭಾನುವಾರ 12 ಕಿ.ಮೀ.: ದೇವರಾಜ ಮಾರ್ಕೆಟ್, ಎರಡು ಮೊಳ ಮಲ್ಲಿಗೆ, ವೀಳ್ಯದೆಲೆ, ಬರುವಾಗ ರಾಗಿ ಬೀಸಿಸುವುದು. "ಹೇಗೂ ಅಷ್ಟು ದೂರ ಹೋಗ್ತೀರಲ್ಲ" ಎಂದಳು. ಲಾಂಗ್ ರನ್‌ನಲ್ಲಿ ಪಕ್ಕದವರೊಡನೆ ಮಾತಾಡುವಷ್ಟು ನಿಧಾನವಾಗಿ ಓಡಬೇಕೆನ್ನುವುದು ಬಲ್ಲವರ ಮಾತು. ನಾನು ಮಾತಾಡಿದ್ದು ಗಿರಣಿಯವನ ಜೊತೆ. ಒಂದು ಕೈಯಲ್ಲಿ ಬಿಸಿ ಹಿಟ್ಟಿನ ಚೀಲ, ಇನ್ನೊಂದರಲ್ಲಿ ಮಲ್ಲಿಗೆ, ಬೆವರಿಗೆ ಮೆತ್ತಿದ ರಾಗಿಹಿಟ್ಟು. ಈ ಅವತಾರದಲ್ಲಿ ಕುಕ್ಕರಹಳ್ಳಿ ಕೆರೆಯ ಪಕ್ಕ ಬರುವಾಗ ಅಲ್ಲಿ ನಗೆಕೂಟದವರು ಒಟ್ಟಾಗಿ ಹೋ ಎಂದು ನಕ್ಕರು. ಅದು ಅವರ ನಿತ್ಯದ ವ್ಯಾಯಾಮ ಎಂದು ಇವತ್ತಿಗೂ ನಂಬಿದ್ದೇನೆ.

ಓಟದ ಆ್ಯಪನ್ನು ಅವಳಿಗೆ ತೋರಿಸಲೇಬಾರದಿತ್ತು. ನಕ್ಷೆಯ ಮೇಲಿನ ಕೆಂಪು ಗೆರೆಯನ್ನು ಬೆರಳಿನಿಂದ ಹಿಂಬಾಲಿಸುತ್ತ ಒಂದು ಕಡೆ ನಿಂತಳು.

"ಈ ತಿರುವಿನಲ್ಲಿ ಇಪ್ಪತ್ತೈದು ನಿಮಿಷ ಏನ್ ಮಾಡ್ತಿದ್ರಿ?"

"ಸ್ಟ್ರೆಚಿಂಗ್."

"ಅಲ್ಲಿರೋದು ಮಸಾಲೆ ದೋಸೆ ಹೋಟೆಲ್ಲು."

ಬ್ಯಾಂಕಿನಲ್ಲಿ ಆಡಿಟ್ಟಿನವರು ಬಂದಾಗ ಅವಳೇಕೆ ಹೆದರುವುದಿಲ್ಲ ಎನ್ನುವುದು ಆ ದಿನ ಅರ್ಥವಾಯಿತು.

ಓಟಕ್ಕೆ ಎರಡು ದಿನ ಇರುವಾಗ, ಸ್ನಾಯುಗಳಲ್ಲಿ ಗ್ಲೈಕೋಜೆನ್ ತುಂಬಿಕೊಳ್ಳಲು ಅನ್ನ, ಆಲೂಗೆಡ್ಡೆ ಹೆಚ್ಚಾಗಿ ತಿನ್ನಬೇಕು ಎಂದು ಘೋಷಿಸಿದೆ. "ಇಷ್ಟು ವರ್ಷ ಈ ಮನೇಲಿ ಮತ್ತೇನು ತಿಂದೆ?" ಎಂದು ಅಮ್ಮ ನಿಜವಾಗಿಯೂ ಗೊಂದಲಕ್ಕೆ ಬಿದ್ದಳು. ಬಿಸಿಬೇಳೆಬಾತಿನ ಜೊತೆ ಆಲೂಗೆಡ್ಡೆ ಪಲ್ಯ, ಆಮೇಲೆ ಮೊಸರನ್ನ. ಗ್ಲೈಕೋಜೆನ್ ತನ್ನ ತೂಕದ ಸುಮಾರು ಮೂರು ಪಟ್ಟು ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ತಿಂಗಳುಗಟ್ಟಲೆ ಓಡಿದವನು ಓಟದ ಹಿಂದಿನ ದಿನ ತೂಕದ ಯಂತ್ರ ಹತ್ತಿದರೆ ಮುಳ್ಳು ಮೇಲಕ್ಕೇ ಹೋಗಿತ್ತು. "ಅದು ನೀರು" ಎಂದೆ. ಯಾರೂ ಉತ್ತರಿಸಲಿಲ್ಲ.

ನಾನು ಆರಿಸಿಕೊಂಡದ್ದು ಶ್ರೀರಂಗಪಟ್ಟಣದ ಹತ್ತಿರ, ರಂಗನತಿಟ್ಟಿನ ಬಳಿ ನಾಲೆ ಏರಿಯ ಮೇಲೆ ನಡೆಯುವ ಕಾವೇರಿ ಟ್ರೇಲ್. ಮೈಸೂರಿನಿಂದ ಅಲ್ಲಿಗೆ ಇಪ್ಪತ್ತು ಕಿಲೋಮೀಟರೂ ಇಲ್ಲ. "ಮನೆಯಿಂದಲೇ ಓಡ್ಕೊಂಡ್ ಹೋಗಿ, ಪೆಟ್ರೋಲೂ ಉಳಿಯತ್ತೆ, ಅವರಿಗೆ ದುಡ್ಡೂ ಕೊಡೋದು ಬೇಡ" ಎಂದವಳು ನಸುಕಿನಲ್ಲಿ ತಾನೇ ಕಾರು ಹೊರಡಿಸಿದಳು. ಬನಿಯನ್ ಉಜ್ಜಿ ಎದೆ ಗಾಯವಾಗದಂತೆ ಎರಡು ಬ್ಯಾಂಡೇಡ್ ಅಂಟಿಸಿಕೊಳ್ಳುವ ಏರ್ಪಾಡನ್ನು ಕಾರಿನಲ್ಲೇ ಮಾಡಿಕೊಳ್ಳಬೇಕಾಯಿತು. ಆಗ ಪಕ್ಕದ ಕಾರಿನಿಂದ ಇಳಿದವರು ಅವಳ ಮೇಲಧಿಕಾರಿ ಎನ್ನುವುದಷ್ಟೇ ಸಾಕು, ಮಿಕ್ಕದ್ದು ಬೇಡ.

ಹೊರಡುವಾಗ ಜನರ ಹುರುಪಿಗೆ ನಾನೂ ದಾಪುಗಾಲು ಹಾಕಿದೆ. ಅವಿನಾಶ್ ಸಾಬ್ಳೆ 2020ರಲ್ಲಿ ದೆಹಲಿಯಲ್ಲಿ ಈ ದೂರವನ್ನು ಒಂದು ಗಂಟೆ ಮೂವತ್ತು ಸೆಕೆಂಡಿನಲ್ಲಿ ಮುಗಿಸಿದ್ದು ನೆನಪಿತ್ತು. ನನಗೆ ಒಂದು ಗಂಟೆಯಾದಾಗ ಬಾಳೆಹಣ್ಣು ಕೊಡುವ ಹುಡುಗ "ಅಂಕಲ್, ಕೂತ್ಕೊಳ್ತೀರಾ?" ಎಂದು ಕೇಳುತ್ತಿದ್ದ. ಹದಿನಾರು ದಾಟಿದ ಮೇಲೆ ತೊಡೆಗಳು ನನ್ನವಲ್ಲ ಎನ್ನಿಸತೊಡಗಿತು. ಒಂದು ಕಡೆ ಗದ್ದೆ, ಇನ್ನೊಂದು ಕಡೆ ನಾಲೆ, ನಾಲೆಯಲ್ಲಿ ಎಮ್ಮೆ ಮೈತೊಳೆಯುತ್ತಿದ್ದ ಯಜಮಾನರು. ಎಮ್ಮೆ ನನ್ನನ್ನು ಒಮ್ಮೆ ನೋಡಿ ಮುಖ ತಿರುಗಿಸಿತು. ಯಜಮಾನರು ಬಿಡಲಿಲ್ಲ.

"ಎಷ್ಟ್ ಕೊಟ್ಟಾರು ಸೋಮಿ ಇದ್ಕೆ?"

"ಅವರು ಕೊಡಲ್ಲ ಯಜಮಾನ್ರೇ, ನಾವೇ ಕೊಡ್ಬೇಕು."

ಕೈಯಲ್ಲಿದ್ದ ಹುಲ್ಲಿನ ಸಿಂಬೆ ಹಾಗೇ ನಿಂತಿತು. "ಮನೇಲೋರ್ಗೆ ಗೊತ್ತಾ?" ಎಂದರು, ದನಿ ತಗ್ಗಿಸಿ.

ಅಲ್ಲಿಂದ ಮುಂದೆ ಸ್ವಲ್ಪ ಓಡಿದೆ, ಸ್ವಲ್ಪ ನಡೆದೆ, ಅಮ್ಮನ ವಯಸ್ಸಿನ ಒಬ್ಬರು ಸೀರೆ ಮೇಲೆ ಶೂ ಹಾಕಿಕೊಂಡು ನನ್ನನ್ನು ದಾಟಿಹೋದಾಗ ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಮೂರು ಗಂಟೆಗೆ ಸ್ವಲ್ಪ ಮುಂಚೆ ಮುಗಿಯಿತು. ಗೆರೆಯ ಆಚೆ ನಿಂತಿದ್ದ ಹೆಂಡತಿ ಫೋಟೊ ತೆಗೆದಳು. ಅದರಲ್ಲಿ ನನ್ನ ಕಣ್ಣು ಮುಚ್ಚಿದೆ, ಬಾಯಿ ತೆರೆದಿದೆ, ಹಿಂದೆ ಆಂಬುಲೆನ್ಸ್ ಸ್ಪಷ್ಟವಾಗಿ ಬಂದಿದೆ. "ಆ ತೊಂಬತ್ತೇಳೂವರೆ ಮೀಟರ್ ಸೇರಿಸಿಯೇ ಓಡಿದ್ರಿ ತಾನೆ?" ಎಂದು ಕೇಳಿ, ಮೆಡಲ್ಲನ್ನು ಕೈಯಲ್ಲಿ ತೂಗಿ ನೋಡಿದಳು.

ಮೈಕೈ ನೋವು ಓಡಿದ ದಿನಕ್ಕಿಂತ ಮಾರನೆಯ ದಿನ, ಅದರ ಮಾರನೆಯ ದಿನ ಜಾಸ್ತಿ. ತೊಡೆಯ ಸ್ನಾಯು ಮೆಟ್ಟಿಲು ಹತ್ತುವಾಗ ಹೇಗೋ ಒಪ್ಪುತ್ತದೆ, ಇಳಿಯುವಾಗ ಕೈಕೊಡುತ್ತದೆ. ಹಾಗಾಗಿ ನಾನು ಮಹಡಿಯಿಂದ ಬೆನ್ನು ಮುಂದಾಗಿ ಇಳಿಯುತ್ತಿದ್ದೆ. ಇಷ್ಟಾದರೂ ತಡೆದುಕೊಳ್ಳಬಹುದಿತ್ತು. ಆದರೆ ನಮ್ಮದು ಅಪ್ಪ ಕಟ್ಟಿಸಿದ ಮನೆ, ಕಕ್ಕಸು ಕುಕ್ಕರಗಾಲಿನದು. ಕೂತದ್ದೇನೋ ಕೂತೆ, ಬಿದ್ದಂತೆ. ಏಳುವಾಗ ನಲ್ಲಿ ಹಿಡಿದೆ, ಅದು ತಿರುಗಿ ಮೈಮೇಲೆ ನೀರು ಸುರಿಯಿತು. ಬಕೆಟ್ ಹಿಡಿದೆ, ಅದು ಮಗುಚಿತು. ಕೊನೆಗೆ ಮಾನ ಬಿಟ್ಟು ಕೂಗಿದೆ. ಬಾಗಿಲಾಚೆಯಿಂದ, "ಆ್ಯಪ್ ಆನ್ ಮಾಡಿದ್ದೀರೇನ್ರೀ? ಇದೂ ಲೆಕ್ಕಕ್ಕೆ ಬರತ್ತಲ್ಲ" ಎಂಬ ಉತ್ತರ ಬಂತು.

ಈಚೆ ಬಂದು ಮೊಣಕಾಲಿಗೆ ಐಸ್ ಒತ್ತಿಕೊಂಡು ಕೂತಾಗ ಅಮ್ಮ ಹಾಸನದ ಚಿಕ್ಕಮ್ಮನ ಜೊತೆ ಫೋನಿನಲ್ಲಿದ್ದಳು.

"ಹೂಂ ಕಣೆ, ಓಡಿದ. ಎಷ್ಟನೇ ಬಂದ ಅಂತ್ಲಾ? ಇಪ್ಪತ್ತೊಂದು ಅಂತಿದ್ರಪ್ಪ... ಹೂಂ, ಇಪ್ಪತ್ತೊಂದೇ. ಅಯ್ಯೋ, ಜನ ಜಾತ್ರೆ ಥರ ಸೇರಿತ್ತಂತೆ!"

ಆಚೆ ಕಡೆಯಿಂದ ಚಿಕ್ಕಮ್ಮನ ಉದ್ಗಾರ ನನಗೂ ಕೇಳಿಸಿತು. ಹೆಂಡತಿ ಲೆಕ್ಕ ತಿದ್ದಲು ಬಾಯಿ ತೆರೆದಳು. ನಾನು ಅವಳ ಕಡೆ ನೋಡಿದೆ. ಮದುವೆಯಾದಂದಿನಿಂದ ಮೊದಲ ಸಲ, ತಾಳೆಯಾಗದ ಒಂದು ಅಂಕಿಯನ್ನು ಅವಳು ಹಾಗೇ ಬಿಟ್ಟು ಒಳಗೆ ಕಾಫಿ ಮಾಡಲು ಹೋದಳು.