ಮೂರನೇ ಕ್ಯಾಸೆಟ್ಟಿನ ಕೊಲೆಗಾರ

ಗಣಪತಿ ಹಬ್ಬಕ್ಕೆ ಓಣಿಯವರೆಲ್ಲ ಪಟ್ಟಿ ಕೂಡಿಸಿ ಟಿವಿ, ವಿಸಿಆರ್ ಬಾಡಿಗೆಗೆ ತರುತ್ತಿದ್ದ ಕಾಲ. ರಾತ್ರಿಗೆ ಮೂರು ಕ್ಯಾಸೆಟ್ಟು. ಮೊದಲನೆಯದು ಭಕ್ತಿಯದು, ಮುದುಕಿಯರಿಗೆ. ಎರಡನೆಯದು ರಾಜಕುಮಾರರದು, ಎಲ್ಲರಿಗೆ. ಮೂರನೆಯದು ಅಂಗಡಿಯವ ಕೈಗೆ ಸಿಕ್ಕಿದ್ದನ್ನು ಚೀಲಕ್ಕೆ ತುರುಕಿದ್ದು. ಅದರ ಪಾಳಿ ಬರುವಷ್ಟರಲ್ಲಿ ಎರಡು ಗಂಟೆಯಾಗಿ, ಓಣಿಗೆ ಓಣಿಯೇ ಚಾಪೆಯ ಮೇಲೆ ಅಡ್ಡಾಗಿರುತ್ತಿತ್ತು. ಸುನೀಲ್ ಕುಮಾರ್ ದೇಸಾಯಿಯವರ ‘ಉತ್ಕರ್ಷ’ ನಮ್ಮ ಅಮೀನಗಡದ ಓಣಿಗೆ ಬಂದದ್ದು ಹೀಗೆ, ಮೂರನೇ ಕ್ಯಾಸೆಟ್ಟಾಗಿ.

1990ರ ಚಿತ್ರ. ಅಂಬರೀಷ್ ಇದ್ದರು, ವನಿತಾ ವಾಸು ಇದ್ದರು, ಆದರೆ ನನ್ನ ನಿದ್ದೆ ಕಸಿದದ್ದು ತಲೆಕೆಟ್ಟ ಕೊಲೆಗಾರನಾದ ದೇವರಾಜ್. ಚೀರಬೇಕೆಂದರೆ ಬಾಯಲ್ಲಿ ಕರದಂಟು. ಅಂಟು, ಬೆಲ್ಲ, ಉತ್ತತ್ತಿ ಕೂಡಿ ಹಲ್ಲಿಗೆ ಹತ್ತಿದವೆಂದರೆ ಬಿಡುವುದುಂಟೆ? ಹೆದರಿಕೆಯನ್ನು ಅಗಿದು ಅಗಿದೇ ನುಂಗಿದೆ.

ದೇಸಾಯಿಯವರ ಅದಕ್ಕೂ ಹಿಂದಿನ ‘ತರ್ಕ’ (1989) ಹಾಡಿಲ್ಲದ ಸಿನಿಮಾ ಎಂದು ಹೆಸರಾಯಿತು. ಆಮೇಲಿನ ‘ನಿಷ್ಕರ್ಷ’ (1993) 2024ರಲ್ಲಿ ಮತ್ತೆ ಥಿಯೇಟರಿಗೂ ಬಂತು. ನಡುವೆ ಹುಟ್ಟಿದ ‘ಉತ್ಕರ್ಷ’ವನ್ನು ಕರೆದು ಮಾತಾಡಿಸುವವರು ಕಡಿಮೆ. ಮೂರು ಮಕ್ಕಳಲ್ಲಿ ನಾನೂ ನಡುವಿನವನೇ ಆದ್ದರಿಂದ ಈ ಸಂಕಟ ಬಲ್ಲೆ.

ಆ ಕ್ಯಾಸೆಟ್ಟು ನೋಡಿದ ಮರುದಿನದಿಂದ ನಾನು ಪತ್ತೇದಾರ. ಕುರಿ ಸಂತೆಗೆ ಹೋದೆ. ಅಲ್ಲೊಬ್ಬ ಹೊಸ ಮನುಷ್ಯ. ಕೆಂಪು ಕಣ್ಣು, ದಪ್ಪ ಮೀಸೆ. ಒಂದೊಂದು ಕುರಿಯ ಬೆನ್ನು ಒತ್ತಿ ನೋಡುತ್ತಾನೆ, ಮಾತಿಲ್ಲ. ಆಮೇಲೆ ಇನ್ನೊಬ್ಬನ ಜೊತೆ ಟವೆಲ್ಲಿನಡಿ ಕೈ ಹಾಕಿ ಏನೋ ಗುಟ್ಟು! ಬೆರಳು ಹಿಡಿದು ದರ ಕುದುರಿಸುವುದನ್ನು ಹುಟ್ಟಿದಾಗಿನಿಂದ ಕಂಡವನು ನಾನು. ಆದರೂ ಅಂದು ಅದು ಸಂಚಾಗಿಯೇ ಕಂಡಿತು. ಒಂದು ತಾಸು ಹಿಂಬಾಲಿಸಿ, ಕೊನೆಗೆ ಚಹಾದಂಗಡಿ ಕಾಕಾನ ಕಿವಿಯಲ್ಲಿ ಕೇಳಿದೆ.

“ಕಾಕಾ, ಅಂವಾ ಯಾರು?”

“ಅಂವಾ? ಇಲಕಲ್ಲದಾಗ ಮಟನ್ ಅಂಗಡಿ ಐತಿ ಅವಂದು. ವಾರಾ ಎಂಟು-ಹತ್ತು ಕಡೀತಾನ. ಯಾಕೋ?”

ಸರಣಿ ಹಂತಕ ಸಿಕ್ಕೇಬಿಟ್ಟಿದ್ದ. ಲೈಸನ್ಸ್ ಇತ್ತು, ಅಷ್ಟೇ.

ಸಪ್ಪಗಾಗಿ ಮನೆಗೆ ಬಂದರೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತಲಿಲ್ಲ.

“ಸಂತ್ಯಾಗ ಕುರಿ ಕದಿಯಾಕ ಹೋಗಿದ್ದೆಂತಲ್ಲೋ?”

ನಾನು ಅವನ ಹಿಂದೆ, ಸಂತೆಯೇ ನನ್ನ ಹಿಂದೆ! ಎಲ್ಲಿ ನಿಂತೆ, ಯಾವ ಕುರಿಯತ್ತ ನೋಡಿದೆ, ಎಷ್ಟು ಚಹಾ ಕುಡಿದೆ, ಎಲ್ಲ ವರದಿಯೂ ನನಗಿಂತ ಮೊದಲೇ ಒಲೆಯ ಮುಂದೆ ಹಾಜರಾಗಿತ್ತು. ಸಿನಿಮಾದಲ್ಲಿ ಕೊಲೆಗಾರನ ಗುಟ್ಟು ಬಯಲಾಗಲು ಎರಡೂವರೆ ತಾಸು ಬೇಕು. ಅವ್ವನಿಗೆ ಹಂಚಿನ ಮೇಲಿನ ರೊಟ್ಟಿ ಮಗುಚುವಷ್ಟು ಹೊತ್ತು ಸಾಕು.

2009ರಲ್ಲಿ ದಕ್ಷಿಣ ಕನ್ನಡದ ನಿಜವಾದ ಸರಣಿ ಹಂತಕ ‘ಸಯನೈಡ್ ಮೋಹನ್’ ಸಿಕ್ಕಿಬಿದ್ದಾಗ ನಗು ಉಡುಗಿತ್ತು. ಒಂದು ಕಾಲಕ್ಕೆ ಶಾಲೆಯ ಮಾಸ್ತರನಾಗಿದ್ದವನು. ಒಬ್ಬೊಬ್ಬ ಹೆಣ್ಣುಮಗಳಿಗೆ ಒಂದೊಂದು ಹೆಸರು ಹೇಳಿ, ಯಾರೂ ಗುರುತಿಸದ ದೂರದ ಊರಿಗೆ ಕರೆದೊಯ್ಯುತ್ತಿದ್ದ. “ಯಾರ ಮಗಾ ನೀ? ಎಲ್ಲಿಗೆ ಹೊಂಟೀ?” ಎಂದು ಹತ್ತು ಹೆಜ್ಜೆಗೊಬ್ಬರು ಕೇಳುವ ನಮ್ಮೂರ ಕಾಟವನ್ನು ಅಂದಿನಿಂದ ಬೈಯುವುದು ಬಿಟ್ಟಿದ್ದೇನೆ.

ಮೊನ್ನೆ ‘ಉತ್ಕರ್ಷ’ ಮತ್ತೆ ಸಿಕ್ಕಿತು. “ಭಾರೀ ಐತಿ, ನೋಡು” ಎಂದು ಹೆಂಡತಿಯನ್ನೂ ಕೂರಿಸಿದೆ. ಹತ್ತು ನಿಮಿಷಕ್ಕೆ ಗೊರಕೆ. ಮೂರನೇ ಕ್ಯಾಸೆಟ್ಟಿನ ಹಣೆಬರಹ ಬದಲಾಗಿರಲಿಲ್ಲ. ನಾನೊಬ್ಬನೇ ಎದ್ದು ಚಿಲಕ ಹಾಕಿದೆಯೇ ಎಂದು ನೋಡಿ ಬಂದು, ಕರದಂಟಿನ ಡಬ್ಬಿ ಹತ್ತಿರಕ್ಕೆಳೆದುಕೊಂಡೆ. ಚೀರಿದರೆ ಬೆಳಗಾಗುವುದರೊಳಗೆ ಸಂತೆಗೆಲ್ಲ ಗೊತ್ತಾಗುತ್ತದೆ.