ಎಂಬತ್ತರ ನಡುಕ

ಮನುಷ್ಯರಿಗೆ ಅರವತ್ತಕ್ಕೆ ಅರಳು ಮರಳು ಎಂದು ಗಾದೆ ಹೇಳುತ್ತದೆ. ಪಿಕಪ್ ವಾಹನಕ್ಕೂ ಈ ಗಾದೆ ಚೆನ್ನಾಗಿಯೇ ಒಪ್ಪುತ್ತದೆ, ಆದರೆ ಅಲ್ಲಿ ಅರವತ್ತು ಎಂಬುದು ವಯಸ್ಸಲ್ಲ, ಗಂಟೆಗೆ ಕ್ರಮಿಸುವ ಕಿಲೋಮೀಟರು. ಅಲ್ಲಿಯವರೆಗೆ ಯಾವ ತಂಟೆಯನ್ನೂ ಮಾಡದೆ ಸಾಗಿದ ಗಾಡಿ, ಅರವತ್ತು ದಾಟುತ್ತಲೇ ಸಣ್ಣಗೆ ಗೊಣಗಲಾರಂಭಿಸಿ, ಎಪ್ಪತ್ತಕ್ಕೆ ಚಾಲಕನ ಕೈಯೊಳಗಿನ ಸ್ಟಿಯರಿಂಗನ್ನು ನಡುಗಿಸಿ, ಎಂಬತ್ತಕ್ಕೆ ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ ಗಣಪತಿಯನ್ನೂ ಅಲುಗಾಡಿಸುವ ಹಂತಕ್ಕೆ ಬರುತ್ತದೆ. ವೇಗವನ್ನು ಇನ್ನೂ ಏರಿಸಿದರೆ ನಡುಕ ಕೆಲವೊಮ್ಮೆ ತಾನಾಗಿಯೇ ತಗ್ಗುವುದುಂಟು. ಆದರೆ ನಾಲ್ಕು ಪಥದ ಹೆದ್ದಾರಿಯಲ್ಲಿ ಸರಕು ವಾಹನಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಮಾಡಿದ ಗರಿಷ್ಠ ವೇಗ ಗಂಟೆಗೆ 80 ಕಿ.ಮೀ. ಆಗಿರುವುದರಿಂದ, ಕಾನೂನನ್ನು ಚಾಚೂ ತಪ್ಪದೆ ಪಾಲಿಸುವ ಪಿಕಪ್ಪಿಗೆ ನಡುಗುವುದೊಂದೇ ದಾರಿ.

ಇಬ್ಬರು ಆರಾಮವಾಗಿ ಕೂರಬಹುದಾದ ಕ್ಯಾಬಿನ್ನಿನಲ್ಲಿ ಮೂವರನ್ನೂ, ಹಿಂದಿನ ತೆರೆದ ತೊಟ್ಟಿಯಲ್ಲಿ ಸುಮಾರು ಒಂದೂವರೆ ಟನ್ ಸರಕನ್ನೂ ಹೊರುವ ಹಗುರ ವಾಹನವೇ ಪಿಕಪ್ ಎಂದು ಸದ್ಯಕ್ಕೆ ವ್ಯಾಖ್ಯಾನಿಸಬಹುದು. ಕೋಲಾರದ ಎ.ಪಿ.ಎಂ.ಸಿ.ಯ ಟೊಮೆಟೊ ಮಾರುಕಟ್ಟೆಗೆ ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಯಿಂದ ಬರುವ ಪಿಕಪ್ಪುಗಳನ್ನು ಗಮನಿಸಿದರೆ ಈ ವ್ಯಾಖ್ಯೆಯ ಯಥಾರ್ಥತೆ ತಿಳಿಯುತ್ತದೆ. ಒಂದೊಂದು ಕ್ರೇಟಿನಲ್ಲಿ 15 ಕಿಲೋ ಹಣ್ಣು, ಅಂಥ 100 ಕ್ರೇಟು, ಅವುಗಳ ಮೇಲೆ ಟಾರ್ಪಾಲು, ಅದಕ್ಕೆ ಬಿಗಿದ ಹಗ್ಗ. ಇಂಥ ಗಾಡಿಯಲ್ಲಿ ನಡುಕವೆಂಬುದು ಚಾಲಕನ ಸೊಂಟದ ಖಾಸಗಿ ವಿಷಯವಾಗಿ ಉಳಿಯುವುದಿಲ್ಲ. ಅದು ಕ್ರೇಟುಗಳೊಳಗಿನ ಹಣ್ಣುಗಳನ್ನು ಒಂದಕ್ಕೊಂದು ಉಜ್ಜಿ ಸಿಪ್ಪೆ ಜಜ್ಜಿಸುವುದರಿಂದ, ನಾಟಿಯಿಂದ ಕೊಯ್ಲಿನವರೆಗೆ ಹುಳು, ರೋಗ, ಮಳೆಗಳಿಂದ ಬಚಾವಾಗಿ ಬಂದ ಬೆಳೆ ಹೆದ್ದಾರಿಯಲ್ಲಿ ಸೋಲುತ್ತದೆ.

ನಡುಕದ ಕಾರಣವನ್ನು ಹುಡುಕಲು ಹೊರಟ ಮಾಲೀಕನಿಗೆ ಮೊದಲು ಅರಿವಾಗುವ ಸಂಗತಿಯೆಂದರೆ, ನಾಡಿನಲ್ಲಿ ಕಾರಣಗಳಿಗೆ ಬರವಿಲ್ಲ ಎಂಬುದು. ಪ್ರತಿಯೊಬ್ಬ ತಜ್ಞನೂ ತನ್ನ ಅಂಗಡಿಯಲ್ಲಿ ದೊರೆಯುವ ಭಾಗದಲ್ಲಿಯೇ ದೋಷವನ್ನು ಕಾಣುತ್ತಾನೆಂಬುದನ್ನು ಈ ಶಾಸ್ತ್ರದ ಪ್ರಥಮ ಸೂತ್ರವೆಂದು ಪರಿಗಣಿಸಬಹುದು. ಟೈರಿನವನು ರೀಸೋಲ್ ಟೈರನ್ನು, ಅಂದರೆ ಸವೆದ ಟೈರಿಗೆ ಹೊಸ ರಬ್ಬರಿನ ಪಟ್ಟಿ ಕೂರಿಸಿ ಮರುಜನ್ಮ ಕೊಟ್ಟದ್ದನ್ನು, ದೂರುತ್ತಾನೆ. ಚಕ್ರಗಳ ದಿಕ್ಕನ್ನು ಸರಿಪಡಿಸುವವನು ‘ಅಲೈನ್‌ಮೆಂಟ್ ಔಟ್’ ಎನ್ನುತ್ತಾನೆ. ಆದರೆ ಅಲೈನ್‌ಮೆಂಟ್ ತಪ್ಪಿದ ಗಾಡಿ ಬಹುಪಾಲು ಒಂದು ಪಕ್ಕಕ್ಕೆ ಎಳೆಯುತ್ತದೆ, ಟೈರನ್ನು ಓರೆಯಾಗಿ ತಿನ್ನುತ್ತದೆ, ಆ ಒಂದು ಕಾರಣಕ್ಕೇ ನಡುಗುವುದು ಅಪರೂಪ. ಗ್ಯಾರೇಜಿನ ಮೇಸ್ತ್ರಿ ‘ಫೌಂಡೇಶನ್ ಹೋಗಿದೆ’ ಎಂದು ತೀರ್ಪು ಕೊಡುತ್ತಾನೆ. ಇಲ್ಲಿ ಫೌಂಡೇಶನ್ ಎಂದರೆ ಮನೆಯ ಅಡಿಪಾಯವಲ್ಲ, ಎಂಜಿನ್ನನ್ನು ಚಾಸಿಗೆ ಜೋಡಿಸಿ ಅದರ ಅದುರುವಿಕೆಯನ್ನು ನುಂಗುವ ರಬ್ಬರಿನ ದಿಂಡುಗಳು. ಮನೆಯ ಹಿರಿಯರಂತೂ ಗಾಡಿಗೆ ದೃಷ್ಟಿಯಾಗಿದೆಯೆಂದು ನಿಂಬೆಹಣ್ಣು, ಮೆಣಸಿನಕಾಯಿಗಳನ್ನು ಕಪ್ಪು ದಾರದಲ್ಲಿ ಪೋಣಿಸಿ ಬಂಪರಿಗೆ ಕಟ್ಟುತ್ತಾರೆ. ಈ ಚಿಕಿತ್ಸೆಗಳಲ್ಲೆಲ್ಲ ಅತ್ಯಂತ ಅಗ್ಗವಾದದ್ದು ಇದೊಂದೇ ಎಂಬುದನ್ನೂ, ನಿಂಬೆಹಣ್ಣು ಎಷ್ಟು ಜೋರಾಗಿ ತೂಗಾಡುತ್ತದೆಂಬುದರಿಂದ ನಡುಕದ ಪ್ರಮಾಣವನ್ನು ಅಂದಾಜು ಮಾಡಬಹುದೆಂಬುದನ್ನೂ ನಿಷ್ಪಕ್ಷಪಾತಿಯಾದ ವಿಮರ್ಶಕನು ಒಪ್ಪಿಕೊಳ್ಳಬೇಕು.

ಹೀಗೆ ತಲೆಗೊಂದು ಮಾತಾಗಿರುವಾಗ, ತನ್ನ ಮೂಲ ಯಾವುದೆಂದು ನಡುಕವೇ ಸೆಕೆಂಡಿಗೆ ಹಲವು ಬಾರಿ ಹೇಳುತ್ತಿರುತ್ತದೆಂಬುದು ಗಮನಕ್ಕೆ ಬಾರದೆ ಹೋಗುತ್ತದೆ. ಗಾಡಿಯಲ್ಲಿ ತಿರುಗುವ ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ಲೆಕ್ಕವಿದೆ. ಪಿಕಪ್ಪಿನ ಟೈರು ಸುಮಾರು 70 ಸೆಂಟಿಮೀಟರ್ ವ್ಯಾಸದ್ದೆಂದು ಹಿಡಿದರೆ ಒಂದು ಸುತ್ತಿಗೆ ಅದು 2.2 ಮೀಟರ್ ಉರುಳುತ್ತದೆ. ಗಂಟೆಗೆ 80 ಕಿ.ಮೀ. ಎಂದರೆ ಸೆಕೆಂಡಿಗೆ 22 ಮೀಟರ್ ಆದ್ದರಿಂದ ಚಕ್ರವು ಸೆಕೆಂಡಿಗೆ 10 ಸುತ್ತು ಹೊಡೆಯುತ್ತದೆ. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಶಕ್ತಿಯನ್ನು ಒಯ್ಯುವ ಉದ್ದನೆಯ ಕೊಳವೆಯಾದ ಪ್ರೊಪೆಲ್ಲರ್ ಶಾಫ್ಟು, ಆಕ್ಸಲ್ಲಿನೊಳಗಿನ ಹಲ್ಲುಚಕ್ರಗಳು ವೇಗವನ್ನು ನಾಲ್ಕನೆಯ ಒಂದಕ್ಕೆ ಇಳಿಸುವಂಥವಾದರೆ, ಅದೇ ಹೊತ್ತಿನಲ್ಲಿ 40 ಸುತ್ತು ತಿರುಗುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ಸುತ್ತಿಗೆ ಎರಡು ದಹನಗಳಾಗುವುದರಿಂದ, ನಿಮಿಷಕ್ಕೆ 2,000 ಸುತ್ತಿನ ವೇಗದಲ್ಲಿ ಅದರ ಮಿಡಿತ ಸೆಕೆಂಡಿಗೆ ಸುಮಾರು 67. ಹತ್ತರ ನಡುಕವನ್ನು ಕೈಯೂ ಸೊಂಟವೂ ಬಿಡಿಬಿಡಿಯಾಗಿ ಗುರುತಿಸುತ್ತವೆ. ನಲವತ್ತರದು ನೆಲಹಾಸಿನಿಂದ ಪಾದಕ್ಕೇರುವ ಝೇಂಕಾರವಾಗುತ್ತದೆ. ಅರವತ್ತೇಳರದು ಕಿವಿಗೆ ಗುಂಯ್‌ಗುಡುತ್ತದೆ. ಈಚೆಗೆ ಫೋನಿನೊಳಗಿನ ವೇಗೋತ್ಕರ್ಷಮಾಪಕವೆಂಬ ಚಿಪ್, ಅಂದರೆ ಪರದೆಯನ್ನು ಅಡ್ಡ ತಿರುಗಿಸಲು ನೆರವಾಗುವ ಅದೇ ಸಾಧನ, ಈ ಸಂಖ್ಯೆಯನ್ನು ಆ್ಯಪಿನ ಮೂಲಕ ತೋರಿಸುವಷ್ಟು ಮುಂದುವರಿದಿದೆ. ಆದರೂ ಅಂಕಿ ಹತ್ತು ಎಂದು ತೋರಿಸುತ್ತಿರುವಾಗಲೇ ಫೌಂಡೇಶನ್ ರಬ್ಬರು ಬದಲಾಗಿರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಮಾತಿಗೆ ಗ್ಯಾರೇಜುಗಳಲ್ಲಿ ಇಂದಿಗೂ ಜೀವ ಉಳಿದಿರುವುದು ಹೀಗೆ.

ಚಕ್ರದ ಅಪರಾಧ ಬಹುಮಟ್ಟಿಗೆ ಅಸಮತೋಲನದ್ದು, ಅಂದರೆ ಸುತ್ತಳತೆಯ ಒಂದು ಕಡೆ ತೂಕ ಹೆಚ್ಚಾಗಿರುವುದು. ಒಂದೇ ಕಡೆ ಮುದ್ದೆಯಾದ ಜಮಖಾನೆಯನ್ನು ಹಿಂಡಲು ಹೊರಟ ವಾಷಿಂಗ್ ಮಷೀನು ಬಚ್ಚಲುಮನೆಯಲ್ಲಿ ನಡೆದಾಡತೊಡಗುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ರಿಮ್ಮಿನ ಅಂಚಿನಲ್ಲಿ 30 ಗ್ರಾಂ ಹೆಚ್ಚಾದರೆ, 80ರ ವೇಗದಲ್ಲಿ ಅದು ಸುಮಾರು 2.3 ಕಿಲೋ ಭಾರದ ಬಲದಿಂದ, ಸೆಕೆಂಡಿಗೆ ಹತ್ತು ಬಾರಿ ದಿಕ್ಕು ಬದಲಿಸುತ್ತ, ಆಕ್ಸಲ್ಲನ್ನು ಎಳೆದಾಡುತ್ತದೆ. ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 40ರ ವೇಗದಲ್ಲಿ ಇದು ಅದರ ಕಾಲುಭಾಗ ಮಾತ್ರ. ಇದರ ಮೇಲೆ, ಟೈರು ಮತ್ತು ಸ್ಪ್ರಿಂಗುಗಳ ನಡುವೆ ಸಿಕ್ಕಿಕೊಂಡಿರುವ ಆಕ್ಸಲ್ಲಿಗೂ ಒಂದು ಸಹಜ ಕಂಪನಸಂಖ್ಯೆಯಿದೆ. ಅದು ಸಾಮಾನ್ಯವಾಗಿ ಸೆಕೆಂಡಿಗೆ 10ರಿಂದ 15ರಷ್ಟು. ಚಕ್ರದ ಲಯ ಈ ಲಯವನ್ನು ಮುಟ್ಟಿದಾಗ ಅನುರಣನವೆಂಬ ಸ್ಥಿತಿ, ಅಂದರೆ ಸಣ್ಣ ತಳ್ಳಾಟವೂ ದೊಡ್ಡ ತೂಗಾಟವಾಗುವ ಸ್ಥಿತಿ, ಉಂಟಾಗುತ್ತದೆ. ಎಂಬತ್ತಕ್ಕೆ ಬರುವ ನಡುಕ ಎಂಬತ್ತನ್ನೇ ಏಕೆ ಆರಿಸಿಕೊಂಡಿತು, ಆ ಗಡಿ ದಾಟಿದ ಮೇಲೆ ಕೆಲವೊಮ್ಮೆ ಏಕೆ ತಗ್ಗುತ್ತದೆ ಎಂಬ ಪ್ರಶ್ನೆಗಳಿಗೆ ಇದರಲ್ಲಿ ಉತ್ತರವಿದೆ.

ಪರಿಹಾರ ಸುಲಭ: ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ಚಕ್ರವನ್ನು ತಿರುಗಿಸಿ, ಅದು ತೋರಿಸಿದ ಎದುರು ಬದಿಯಲ್ಲಿ ಲೋಹದ ಸಣ್ಣ ತುಂಡೊಂದನ್ನು ಕೂರಿಸುವುದು. ಆದರೆ ತೋಟದಿಂದ ನೇರವಾಗಿ ಬಂದ ಪಿಕಪ್ಪಿನ ರಿಮ್ಮಿನ ಒಳಮೈಯನ್ನು ಬಗ್ಗಿ ನೋಡಿದರೆ ಬೇರೆಯೇ ದೃಶ್ಯ ಕಾಣುತ್ತದೆ. ಹನಿ ನೀರಾವರಿಯ ಕೊಳವೆ ಒಡೆದ ಜಾಗದಲ್ಲಿ ಹೂತು ಎದ್ದ ಚಕ್ರದೊಳಗೆ ಕೆಮ್ಮಣ್ಣು ಅಂಗೈ ಅಗಲದ ಬಿಲ್ಲೆಯಾಗಿ ಒಣಗಿ, ಮೇಲೆ ಬಿರುಕು ಬಿಟ್ಟು, ನಡುವೆ ಟೊಮೆಟೊ ಗಿಡದ ಒಂದು ಕಡ್ಡಿಯನ್ನೂ ಹಿಡಿದುಕೊಂಡಿರುತ್ತದೆ. ಅದನ್ನು ಕೆರೆಯದೆ ಬ್ಯಾಲೆನ್ಸ್ ಮಾಡಿದರೆ ಯಂತ್ರವು ಮಣ್ಣಿಗೆ ಸರಿಸಮನಾದ ಲೋಹವನ್ನು ಪ್ರಾಮಾಣಿಕವಾಗಿ ಲೆಕ್ಕಹಾಕಿ ಕೊಡುತ್ತದೆ. ಮುಂದಿನ ಮಳೆಯಲ್ಲಿ ಮಣ್ಣು ತೊಳೆದುಹೋದಾಗ ಅದುವರೆಗೆ ಚಿಕಿತ್ಸೆಯಾಗಿದ್ದ ಲೋಹವೇ ರೋಗವಾಗುತ್ತದೆ. ಮಾಲೀಕನು ಆಗ ‘ಬ್ಯಾಲೆನ್ಸಿಂಗ್ ಮಾಡಿಸಿಯೂ ಹೋಗಲಿಲ್ಲ’ ಎಂದು ಹೇಳುತ್ತಾನೆ, ಆ ಹೇಳಿಕೆಯನ್ನು ನಂಬಿ ಉಳಿದವರು ಚಕ್ರವನ್ನು ಸಂಶಯಿತರ ಪಟ್ಟಿಯಿಂದ ಕೈಬಿಡುತ್ತಾರೆ.

ಚಕ್ರದ ನಂತರದ ಆರೋಪಿ ಶಾಫ್ಟು. ಹಿಂದಿನ ಆಕ್ಸಲ್ಲು ಕಮಾನಿನ ಮೇಲೆ, ಅಂದರೆ ಒಂದರ ಕೆಳಗೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳ ಮೇಲೆ, ಏರಿಳಿಯುತ್ತಿರುವುದರಿಂದ ಶಾಫ್ಟು ಓರೆಯಲ್ಲಿಯೂ ತಿರುಗಬೇಕಾಗುತ್ತದೆ. ಇದಕ್ಕಾಗಿ ಅದರ ತುದಿಗಳಲ್ಲಿ ‘ಕ್ರಾಸ್’ ಎಂಬ ಕೂಡಿಸುವ ಚಿಹ್ನೆಯಾಕಾರದ ಕೀಲನ್ನು ಇಟ್ಟಿರುತ್ತಾರೆ. 17ನೆಯ ಶತಮಾನದಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಇಂಥ ಕೀಲನ್ನು ಖಗೋಳ ಉಪಕರಣಗಳ ಸಂದರ್ಭದಲ್ಲಿ ವಿವರಿಸಿದ. ಸ್ಪ್ರಿಂಗಿನ ಹಿಗ್ಗುವಿಕೆ ಅದರ ಮೇಲಿನ ಬಲಕ್ಕೆ ಅನುಗುಣವಾಗಿರುತ್ತದೆಂಬ ನಿಯಮವೂ ಅವನದೇ ಆದ್ದರಿಂದ, ಪಿಕಪ್ಪಿನ ಹಿಂಭಾಗದ ತಕರಾರುಗಳಲ್ಲಿ ಅರ್ಧದಷ್ಟಕ್ಕೆ ಒಬ್ಬನೇ ವಿಜ್ಞಾನಿಯನ್ನು ಹೊಣೆ ಮಾಡುವ ಅನುಕೂಲವಿದೆ. ಈ ಕೀಲಿನ ಸ್ವಭಾವವೇನೆಂದರೆ, ಓರೆಯಲ್ಲಿ ತಿರುಗುವಾಗ ಅದು ಒಂದು ಸುತ್ತಿನೊಳಗೆ ಎರಡು ಬಾರಿ ವೇಗ ಹೆಚ್ಚಿಸಿ, ಎರಡು ಬಾರಿ ತಗ್ಗಿಸುತ್ತದೆ. ಒಂದು ತುದಿಯ ಕೀಲು ಮಾಡಿದ ಈ ತಪ್ಪನ್ನು ಇನ್ನೊಂದು ತುದಿಯದು ಎದುರು ತಪ್ಪು ಮಾಡಿ ಸರಿಪಡಿಸಬೇಕೆಂಬುದು ಒಪ್ಪಂದ. ಎರಡು ಕೋನಗಳೂ ಸಮನಾಗಿದ್ದು, ಎರಡು ತುದಿಗಳ ಕವಲುಗಳೂ ಒಂದೇ ನೇರದಲ್ಲಿದ್ದರೆ ಮಾತ್ರ ಈ ಒಪ್ಪಂದ ನಡೆಯುತ್ತದೆ. ಶಾಫ್ಟನ್ನು ಬಿಚ್ಚುವಾಗ ಗುರುತು ಹಾಕದೆ, ಜೋಡಿಸುವಾಗ ಕಂಡ ಹಲ್ಲಿಗೆ ಕೂರಿಸಿದರೆ, ಆ ದಿನದಿಂದ ಹೊಸ ನಡುಕವೊಂದು ಸೇವೆಗೆ ಸೇರುತ್ತದೆ. ಗ್ರೀಸು ಕಾಣದ ಕ್ರಾಸಿನ ಟೋಪಿಯನ್ನು ತೆಗೆದರೆ ಒಳಗೆ ಸೂಜಿಯಂಥ ಸಣ್ಣ ಉರುಳೆಗಳಿರಬೇಕಾದ ಜಾಗದಲ್ಲಿ ಕುಂಕುಮದ ಬಣ್ಣದ ತುಕ್ಕಿನ ಪುಡಿ ಉದುರುತ್ತದೆ.

ಭಾರ ತಡೆಯಲೆಂದು ಕಮಾನಿಗೆ ಹೆಚ್ಚುವರಿ ಪಟ್ಟಿ ಹಾಕಿಸುವ ವಾಡಿಕೆ ಈ ಸಮಸ್ಯೆಗೆ ಇನ್ನೊಂದು ಮಗ್ಗುಲನ್ನು ಸೇರಿಸಿದೆ. ಹಾಗೆ ಮಾಡಿದಾಗ ಖಾಲಿ ಗಾಡಿಯ ಹಿಂಭಾಗ ಎತ್ತರಕ್ಕೇರಿ ಶಾಫ್ಟಿನ ಕೋನಗಳು ಬದಲಾಗುತ್ತವೆ. ನೂರು ಕ್ರೇಟು ಹೇರಿದ ಮೇಲೆ ಅವು ಮತ್ತೆ ಹದಕ್ಕೆ ಬರುತ್ತವೆ. ಇಂಥ ಪಿಕಪ್ಪು ದುಡಿಯುವಾಗ ಶಾಂತವಾಗಿದ್ದು, ಕೂಲಿ ಮುಗಿಸಿ ಖಾಲಿ ಬರುವಾಗ ನಡುಗುತ್ತದೆ. ಇದಕ್ಕೆ ವಿರುದ್ಧವಾಗಿ, ಭಾರದಲ್ಲಿ ಮಾತ್ರ ನಡುಗುವ ಗಾಡಿಗಳೂ ಇವೆ, ಅವುಗಳ ಕಷ್ಟ ಹೆಚ್ಚಿನದು. ಏಕೆಂದರೆ ಗ್ಯಾರೇಜು ಗಾಡಿಯನ್ನು ನೋಡುವುದು ಯಾವಾಗಲೂ ಖಾಲಿಯಾಗಿದ್ದಾಗ, ಮೇಸ್ತ್ರಿ ಅದನ್ನು ಓಡಿಸಿ ಪರೀಕ್ಷಿಸುವುದು ಗಲ್ಲಿಯ ತುದಿಯ ಟೀ ಅಂಗಡಿಯವರೆಗೆ, ಅದೂ ಮೂವತ್ತರ ವೇಗದಲ್ಲಿ. ಆ ದೂರದಲ್ಲಿ, ಆ ವೇಗದಲ್ಲಿ, ಯಾವ ಪಿಕಪ್ಪೂ ಇದುವರೆಗೆ ತನ್ನ ಒಡೆಯನ ಮಾತನ್ನು ಸಮರ್ಥಿಸಿದ ಉದಾಹರಣೆಯಿಲ್ಲ.

ಕ್ರಮಬದ್ಧವಾಗಿ ಹೊರಟರೆ ಮಾತ್ರ ಈ ವಿಚಾರಣೆ ಬೇಗ ಮುಗಿಯುತ್ತದೆ. ನಿಂತಲ್ಲಿಯೇ ಎಂಜಿನ್ನನ್ನು ನಡುಕದ ವೇಗಕ್ಕೆ ಏರಿಸಿದಾಗ ಗಾಡಿ ಅದುರಿದರೆ ದೋಷ ಎಂಜಿನ್ನಿನ ಕಡೆಯದು. ಅದುರದಿದ್ದರೆ, ಹಿಂದೆ ಮುಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ, ಎಂಜಿನ್ ಆರಿಸದೆ, ಗೇರನ್ನು ನ್ಯೂಟ್ರಲ್ಲಿಗೆ ತರಬೇಕು. ಆಗಲೂ ನಡುಕ ಉಳಿದರೆ ಎಂಜಿನ್ನನ್ನು ಗೌರವಪೂರ್ವಕವಾಗಿ ಬಿಡುಗಡೆ ಮಾಡಿ ಚಕ್ರ, ಶಾಫ್ಟುಗಳನ್ನು ಹಿಡಿಯಬಹುದು. ಸ್ಟಿಯರಿಂಗ್ ನಡುಗಿದರೆ ಸಾಮಾನ್ಯವಾಗಿ ಮುಂದಿನ ಚಕ್ರ, ಸೀಟು ನಡುಗಿದರೆ ಹಿಂದಿನದು, ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕಿನ ಡಿಸ್ಕು ಅಥವಾ ಡ್ರಮ್ಮು. ಮುಂದಿನ ಚಕ್ರಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿದಾಗ ನಡುಕವೂ ಜೊತೆಯಲ್ಲಿ ಸ್ಥಳ ಬದಲಿಸಿದರೆ ಬೇರೆ ಸಾಕ್ಷಿ ಬೇಡ. ಒಂದೊಂದೇ ಭಾಗವನ್ನು ಬದಲಿಸಿ ನೋಡಬೇಕೆಂಬ ನಿಯಮವನ್ನು ಎಲ್ಲರೂ ಬಲ್ಲರು, ಆದರೆ ಪಾಲಿಸುವವರು ಕಡಿಮೆ. ನಾಲ್ಕು ಕೆಲಸಗಳನ್ನು ಒಟ್ಟಿಗೆ ಮಾಡಿಸಿದಾಗ ನಡುಕ ಹೋದರೂ ಯಾವುದರಿಂದ ಹೋಯಿತೆಂದು ತಿಳಿಯದೆ, ನಾಲ್ವರು ತಜ್ಞರೂ ಆ ಕೀರ್ತಿಯನ್ನು ಪೂರ್ಣವಾಗಿಯೇ ಪಡೆಯುತ್ತಾರೆ.

ಹೋದದ್ದು ನಡುಕವೇ ಹೊರತು ನಡುಕದ ಚಿಂತೆಯಲ್ಲ. ದೊಡ್ಡ ಕಂಪನವಿರುವಾಗ ಸಣ್ಣ ಕಂಪನಗಳು ಅರಿವಿಗೆ ಬರುವುದಿಲ್ಲ, ದೊಡ್ಡದು ತೊಲಗಿದ ಕೂಡಲೇ ಅದರಡಿಯಲ್ಲಿ ಅಡಗಿದ್ದವು ಸರದಿಯ ಪ್ರಕಾರ ಪದೋನ್ನತಿ ಪಡೆಯುತ್ತವೆ: ಮೊದಲು ಹಿಂಬಾಗಿಲಿನ ಕೊಂಡಿ, ಆಮೇಲೆ ಸೀಟಿನಡಿಯ ಜ್ಯಾಕು, ಅದಾದ ಮೇಲೆ ಎಲ್ಲಿಯದೆಂದು ಹೇಳಲಾಗದ ಒಂದು ಸದ್ದು. ಇಷ್ಟು ಕಾಲ ಅದುರುವಿಕೆಗೆ ಕಿವಿಗೊಟ್ಟು ಪಳಗಿದ ಮಾಲೀಕನು ಆಗ ರೇಡಿಯೋವನ್ನು ಆರಿಸಿ, ಕಿಟಕಿಯ ಗಾಜನ್ನು ಏರಿಸಿ, ಪಕ್ಕದಲ್ಲಿ ಕುಳಿತವರನ್ನು ‘ಏನೋ ಸಣ್ಣಗೆ ಬರ್ತಾ ಇದೆ, ಕೇಳಿಸ್ತಾ?’ ಎಂದು ವಿಚಾರಿಸುತ್ತಾನೆ. ಏನೂ ಕೇಳಿಸುತ್ತಿಲ್ಲವೆಂದು ಅವರು ಕೊಡುವ ಸಾಕ್ಷ್ಯಕ್ಕೆ ಶಾಸ್ತ್ರದಲ್ಲಿ ಬೆಲೆಯಿಲ್ಲ, ಅವರಿಗೆ ಕತ್ತಲಾಗುವುದರೊಳಗೆ ಮನೆ ಸೇರಬೇಕಾಗಿರುತ್ತದೆ.